ಎದೆ ಧಡಧಡ ಅಂದಾಗ ಮೊದಲು ಉಸಿರು ಬಿಡಿ

ನಾನು ಕಲಬುರಗಿಯ ಬ್ರಹ್ಮಪುರದವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, 22 ವರ್ಷ ಆಯ್ತು. ಯೋಗದ ಸರ್ಟಿಫಿಕೇಟು ನನ್ನ ಹತ್ತಿರ ಇಲ್ಲ. ಆದರೆ 5 ವರ್ಷದ ಹಿಂದೆ ನನ್ನ ಮನಸ್ಸು ನನ್ನ ಮಾತು ಕೇಳುವುದನ್ನೇ ಬಿಟ್ಟಿತ್ತು. ಡಾಕ್ಟರು, ಮಾತ್ರೆ, ದಿನಾ 20 ನಿಮಿಷದ ಯೋಗ, ಈ ಮೂರೂ ಸೇರಿ ನನ್ನನ್ನು ಮತ್ತೆ ಮಷೀನಿನ ಮುಂದೆ ತಂದು ಕೂಡಿಸಿದವು. ಈಗ ಬೆಳಿಗ್ಗೆ ನಮ್ಮ ಓಣಿಯ ಏಳೆಂಟು ಹೆಣ್ಣುಮಕ್ಕಳು ನಮ್ಮ ಮಾಳಿಗೆ ಮೇಲೆ ಸೇರುತ್ತಾರೆ. ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ.

ಶುರುವಾಗಿದ್ದು ಒಂದು ಲಗ್ನದ ಸೀಸನ್ನಿನಲ್ಲಿ. ಲೈನಿಂಗ್ ಬಟ್ಟೆ, ದಾರ ತರಲು ಸೂಪರ್ ಮಾರ್ಕೆಟ್ ಅನ್ನುವ ನಮ್ಮೂರ ಪೇಟೆಗೆ ಹೋಗಿದ್ದೆ. ಸೀರೆಯ ಅಂಚು ಹಿಡಿದು ದಾರದ ಬಣ್ಣ ಹೊಂದಿಸುತ್ತಿದ್ದೆ. ಒಮ್ಮೆಲೇ ಎದೆ ಧಡಧಡ ಅನ್ನತೊಡಗಿತು. ಬೆರಳು ಜುಂ ಅಂದವು. ತುಟಿ ಸುತ್ತ ಇರುವೆ ಹರಿದ ಹಾಗಾಯಿತು. ಎಷ್ಟು ಉಸಿರು ಎಳೆದರೂ ಸಾಲುತ್ತಿಲ್ಲ. ಇನ್ನೇನು ಇಲ್ಲೇ ಸಾಯ್ತೀನಿ ಅಂದುಕೊಂಡೆ. ಅಂಗಡಿಯವರೇ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದರು. ಇಸಿಜಿ ಮಾಡಿದರು, ಸರಿ ಇತ್ತು. "ಏನೂ ಆಗಿಲ್ಲ, ಸುಮ್ನ ಟೆನ್ಶನ್ ತಗೋತೀರಿ, ಮನಿಗೆ ಹೋಗ್ರಿ" ಅಂದರು. ಏನೂ ಆಗಿಲ್ಲ ಅಂದ್ರೆ ಈ ನಡುಕ ಎಲ್ಲಿಂದ ಬಂತು? ಅದನ್ನು ಯಾರೂ ಹೇಳಲಿಲ್ಲ.

ಆಮೇಲೆ ಮೂರು ತಿಂಗಳು ದಿನಾ ರಾತ್ರಿ 3 ಗಂಟೆಗೆ ಎಚ್ಚರ. ಅದೇ ವರ್ಷ ನಮ್ಮವ್ವ ತೀರಿಕೊಂಡಿದ್ದರು. ಮಗಳ ಮದುವೆಯ ಸಾಲ ಇನ್ನೂ ಇತ್ತು. ಮಾರ್ಕೆಟ್‌ಗೆ ಹೋಗುವುದನ್ನೇ ಬಿಟ್ಟೆ. ಕತ್ತರಿ ಹಿಡಿದರೆ ಕೈ ನಡುಗಿ ಎರಡು ಬ್ಲೌಸ್ ಪೀಸು ಹಾಳು ಮಾಡಿದೆ. ಕೊನೆಗೆ ತಂಗಿ ಬಂದು ಕೈ ಹಿಡಿದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಅವರು ಅರ್ಧ ಗಂಟೆ ನನ್ನ ಮಾತು ಕೇಳಿದರು. "ಇದಕ್ಕ ಪ್ಯಾನಿಕ್ ಅಟ್ಯಾಕ್ ಅಂತಾರ್ರಿ ಅಕ್ಕೋರೇ. ನಿಮ್ಮ ತಲಿ ಕೆಟ್ಟಿಲ್ಲ. ನಿಮ್ಮ ಮೈ ಒಂದು ಸುಳ್ಳು ಸುದ್ದಿ ನಂಬ್ಯಾದ, ಅಷ್ಟೇ" ಅಂದರು. ಆ ಮಾತಿಗೆ ಅಲ್ಲೇ ಅತ್ತುಬಿಟ್ಟೆ.

ಮೊದಲು ತಪಾಸಣೆ

ಯೋಗಕ್ಕೆ ಕೂಡುವ ಮುಂಚೆ ಇದೊಂದು ಕೆಲಸ ಮಾಡಿ. ಎದೆ ಬಡಿತ, ಸುಸ್ತು, ಕೈ ನಡುಕ ಎಲ್ಲವೂ ಮನಸ್ಸಿನಿಂದಲೇ ಬರುತ್ತವೆ ಅಂತಿಲ್ಲ. ರಕ್ತ ಕಮ್ಮಿ ಇದ್ದರೂ ಎದೆ ಬಡಿದುಕೊಳ್ಳುತ್ತದೆ. ಥೈರಾಯ್ಡ್ ಜಾಸ್ತಿ ಆದರೂ ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ. ಥೈರಾಯ್ಡ್ ಕಮ್ಮಿಯಾದರೆ ಯಾವುದೂ ಬೇಡ ಅನ್ನಿಸುತ್ತದೆ. ನನ್ನ ಹಿಮೋಗ್ಲೋಬಿನ್ ಆಗ 9.2 ಇತ್ತು. ಕಬ್ಬಿಣದ ಮಾತ್ರೆ ತಗೊಂಡ ಮೇಲೆ ಮೆಟ್ಟಿಲು ಹತ್ತುವಾಗಿನ ಏದುಸಿರು ಹೋಯಿತು. ಅದು ಯೋಗದಿಂದ ಹೋಗುವಂಥದ್ದಲ್ಲ. ದಿನಕ್ಕೆ ಏಳು ಕಪ್ ಚಹಾ ಕುಡಿಯುತ್ತಿದ್ದೆ. ಅದನ್ನು ಮೂರಕ್ಕೆ ಇಳಿಸಿದೆ, ಸಂಜೆ 4ರ ಮೇಲೆ ಇಲ್ಲ. ಇದರಿಂದಲೂ ವ್ಯತ್ಯಾಸ ಆಯ್ತು.

ಮೊದಲ ಸಲ ಎದೆ ನೋವು ಬಂದರೆ ಪ್ಯಾನಿಕ್ ಇರಬಹುದು ಅಂತ ಮನೆಯಲ್ಲಿ ಕೂಡಬೇಡಿ. ಆಸ್ಪತ್ರೆಗೇ ಹೋಗಿ. ಹೃದಯದ್ದು ಅಲ್ಲ ಅಂತ ಡಾಕ್ಟರು ಹೇಳಿದ ಮೇಲಷ್ಟೇ ಮುಂದಿನ ಮಾತು.

ನನಗೆ ಆದ ತಪ್ಪು

ಡಾಕ್ಟರು ಮಾತ್ರೆ ಬರೆದು, ಜೊತೆಗೆ ಯೋಗ ಮಾಡಿದರೆ ಒಳ್ಳೇದು ಅಂದಿದ್ದರು. ಎಂಥ ಯೋಗ ಅಂತ ನಾನೂ ಕೇಳಲಿಲ್ಲ. ಊರಲ್ಲಿ ನಡೆಯುತ್ತಿದ್ದ ಒಂದು ಶಿಬಿರಕ್ಕೆ ಹೋದೆ. ನೂರಾರು ಜನ ಕೂತಿದ್ದರು, ಮೈಕಿನಲ್ಲಿ ಹೇಳಿಕೊಡುತ್ತಿದ್ದರು. ಎರಡನೇ ದಿನವೇ ಭಸ್ತ್ರಿಕಾ, ಕಪಾಲಭಾತಿ ಅನ್ನುವ ಜೋರು ಉಸಿರಿನ ಪ್ರಾಣಾಯಾಮ. "ಜೋರಾಗಿ, ಇನ್ನೂ ಜೋರಾಗಿ" ಅನ್ನುತ್ತಿದ್ದರು. ಮೂರನೇ ನಿಮಿಷಕ್ಕೆ ನನ್ನ ಬೆರಳು ಜುಂ ಅಂದವು, ತುಟಿ ಮರಗಟ್ಟಿತು. ಸೂಪರ್ ಮಾರ್ಕೆಟ್‌ನಲ್ಲಿ ಆಗಿದ್ದು ಅಲ್ಲೂ ಆಯ್ತು. ಚಾಪೆ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದೆ. ಯೋಗವೂ ನನ್ನ ಪಾಲಿಗಿಲ್ಲ ಅಂತ ವಾರಗಟ್ಟಲೆ ಕುಗ್ಗಿದೆ.

ಕಾರಣವನ್ನು ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಜೋರಾಗಿ, ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಇರಬೇಕಾದ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯೇ ಹೊರಗೆ ಹೋಗುತ್ತದೆ. ಆಗ ಬೆರಳು, ತುಟಿ ಜುಂ ಅನ್ನುತ್ತವೆ. ತಲೆ ಹಗುರಾಗುತ್ತದೆ. ಪ್ಯಾನಿಕ್ ಬಂದಾಗ ಮೈಯಲ್ಲಿ ಆಗುವುದೂ ಹೆಚ್ಚುಕಮ್ಮಿ ಇದೇ. ಅಂದ್ರೆ ಹೆದರಿದ ಮೈಗೆ ಆ ಪ್ರಾಣಾಯಾಮ ಇನ್ನಷ್ಟು ಹೆದರಿಕೆಯನ್ನೇ ನೆನಪು ಮಾಡಿಕೊಟ್ಟಿತ್ತು. ಕಪಾಲಭಾತಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನರಿಗೆ ಅದರಿಂದ ಹುರುಪು ಬರುತ್ತದೆ. ಆದರೆ ಗಾಬರಿಯ ತೊಂದರೆ ಇರುವವರು ಅದರಿಂದ ಶುರು ಮಾಡಬಾರದು. ಬಿಪಿ ಜಾಸ್ತಿ ಇರುವವರು, ಬಸುರಿಯರು, ಹರ್ನಿಯಾ ಅಥವಾ ಫಿಟ್ಸ್ ಇರುವವರು ಅದನ್ನು ಮಾಡುವುದೇ ಬೇಡ.

ಮಣಿಕಟ್ಟಿನ ಮೇಲೆ ಮೂರು ಬೆರಳು

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಉಸಿರು ಬಿಡುವುದರಿಂದ.

ಇದನ್ನು ಈಗಲೇ ಮಾಡಿ ನೋಡಬಹುದು. ಎಡಗೈ ಅಂಗೈ ಮೇಲೆ ಮಾಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಬಲಗೈಯ ಮೂರು ಬೆರಳು ಇಡಿ. ಒತ್ತಬೇಡಿ, ಬಟ್ಟೆಯ ನಯ ನೋಡುವಾಗ ಮುಟ್ಟುತ್ತೇವಲ್ಲ, ಅಷ್ಟೇ ಹಗುರ. ನಾಡಿ ಸಿಕ್ಕ ಮೇಲೆ ಮೂಗಿನಿಂದ ಮೆಲ್ಲಗೆ ಉಸಿರು ತಗೊಳ್ಳಿ. ಬಡಿತ ಸ್ವಲ್ಪ ಚುರುಕಾಗುತ್ತದೆ. ಈಗ ಇನ್ನೂ ಮೆಲ್ಲಗೆ ಬಿಡಿ. ಬಡಿತದ ನಡುವಿನ ಅಂತರ ದೊಡ್ಡದಾಗುತ್ತದೆ. ಹುಡುಗರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ, ವಯಸ್ಸಾದಂತೆ ಕಮ್ಮಿ. ನನಗೆ ನಾಲ್ಕನೇ ದಿನ ಸಿಕ್ಕಿತು. ಮಷೀನಿನ ಹಲಗೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಉಸಿರು ಬಿಡುತ್ತ ಹೋದ ಹಾಗೆ ಬೆರಳ ಕೆಳಗೆ ಟಕ್, ಟಕ್, ಆಮೇಲೆ ಟಕ್... ಟಕ್... ಅಂತ ನಿಧಾನ ಆಯ್ತು. ತಿಂಗಳುಗಟ್ಟಲೆ ನನ್ನ ಮಾತು ಕೇಳದ ಎದೆ ಅವತ್ತು ಮೊದಲ ಸಲ ನನ್ನ ಮಾತು ಕೇಳಿತ್ತು.

ಇದರ ಹಿಂದೆ ಇರುವುದು ವೇಗಸ್ ಅನ್ನುವ ನರ. ಮೆದುಳಿನಿಂದ ಹೊರಟು ಕುತ್ತಿಗೆ, ಹೃದಯ, ಹೊಟ್ಟೆಯ ತನಕ ಇಳಿಯುತ್ತದೆ. ಉಸಿರು ಬಿಡುವಾಗ ಅದರ ಕೆಲಸ ಜಾಸ್ತಿ, ಹೃದಯಕ್ಕೆ ಲಗಾಮು ಹಾಕುತ್ತದೆ. ಮನಸ್ಸಿಗೆ ಸುಮ್ಮನಿರು ಅಂದರೆ ಅದು ಕೇಳುವುದಿಲ್ಲ. ಉಸಿರನ್ನು ಮಾತ್ರ ಉದ್ದ ಮಾಡಬಹುದು, ಅದು ನಮ್ಮ ಕೈಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ಕಾಯಿಲೆ ಇರುವವರಿಗೆ ಔಷಧಿಯ ಜೊತೆಗೆ ಯೋಗವನ್ನೂ ಕಲಿಸುತ್ತಾರೆ. ಜೊತೆಗೆ ಅನ್ನುವ ಮಾತನ್ನು ಮರೆಯಬೇಡಿ.

ಜಾಗ, ಹೊತ್ತು, ಹಾಸಿಗೆ

ದುಬಾರಿ ಮ್ಯಾಟ್ ಬೇಡ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಫರ್ಸಿ, ಅಂದ್ರೆ ಹಾಸುಗಲ್ಲು ಇರುತ್ತದೆ, ಅದೇ ಒಳ್ಳೆಯ ನೆಲ. ಮಲಗುವುದಕ್ಕೆ, ಮಂಡಿ ಊರುವುದಕ್ಕೆ ಕೌದಿಯನ್ನು ಎರಡು ಮಡಿಕೆ ಮಾಡಿ ಹಾಸಿ. ಹಳೆ ಸೀರೆಗಳ ಕೌದಿಯಾದರೆ ಮೆತ್ತಗೂ ಇರುತ್ತದೆ, ಬೆವರೂ ಹೀರುತ್ತದೆ. ನಿಂತು ಮಾಡುವ ಆಸನಗಳಿಗೆ ಮಾತ್ರ ಬರೀ ಫರ್ಸಿ ಮೇಲೆ ಬರಿಗಾಲಲ್ಲಿ ನಿಲ್ಲಿ. ನುಣ್ಣನೆ ಫರ್ಸಿ ಮೇಲೆ ಜಮಖಾನ ಹಾಸಿ ನಿಂತರೆ ಜಾರುತ್ತದೆ. ನಮ್ಮ ಪಕ್ಕದ ಮನೆ ಅತ್ತಿಯವರು ಹಾಗೆ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು.

ನಾನು ಏಳುವುದು ಬೆಳಗಿನ ಅಜಾನ್ ಕೇಳಿದಾಗ. ಬೇಸಿಗೆಯಲ್ಲಿ ನಮ್ಮೂರಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 6 ಗಂಟೆಯೊಳಗೆ ಮುಗಿಸಿಬಿಡಿ. ತಡವಾದರೆ ಮಾಳಿಗೆ ಬೇಡ, ಒಳಗಿನ ಫರ್ಸಿಯೇ ತಂಪು. ಮಳೆಗಾಲದಲ್ಲೂ ಒಳಗೇ. ಹೊಟ್ಟೆ ಖಾಲಿ ಇರಲಿ. ಸಂಜೆ ಮಾಡುವುದಾದರೆ ಊಟ ಆಗಿ ಮೂರು ತಾಸು ಬಿಡಿ, ಜೋಳದ ರೊಟ್ಟಿ ಹೊಟ್ಟೆಯಲ್ಲಿ ಇಟ್ಟುಕೊಂಡು ಬಗ್ಗಲು ಆಗುವುದಿಲ್ಲ.

ದಿನಾ ಅದೇ ಜಾಗ, ಅದೇ ಹೊತ್ತು ಇದ್ದರೆ ಒಳ್ಳೇದು. ನಮ್ಮ ಅತ್ತೆ ದಿನಾ ಬೆಳಿಗ್ಗೆ ಅದೇ ಮೂಲೆಯಲ್ಲಿ ಕೂತು, ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ನೋಟ ನಿಲ್ಲಿಸುತ್ತಾರೆ. ಆ ಮೂಲೆಗೆ ಹೋದರೆ ಸಾಕು, ಅವರ ಮುಖ ಸಡಿಲಾಗುತ್ತದೆ. ಅದನ್ನು ವರ್ಷಗಟ್ಟಲೆ ನೋಡಿದ್ದೆ. ಏನು ನಡೆಯುತ್ತಿದೆ ಅಂತ ನಾನೇ ಕೂಡಲು ಕಲಿತ ಮೇಲೆ ಅರ್ಥ ಆಯ್ತು.

20 ನಿಮಿಷದಲ್ಲಿ ಏನೇನು

ಮೊದಲ 5 ನಿಮಿಷ ಬರೀ ಉಸಿರು. ಗೋಡೆಗೆ ಬೆನ್ನು ಕೊಟ್ಟು ಚಕ್ಕಂಬಕ್ಕಳ ಹಾಕಿ ಕೂಡಿ. ಮಂಡಿ ನೋವಿದ್ದರೆ ಕುರ್ಚಿ, ಅಂಗಾಲು ನೆಲಕ್ಕೆ ತಾಗಿರಲಿ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ತಗೊಳ್ಳಿ, 6 ಎಣಿಸುವಷ್ಟು ಹೊತ್ತು ಬಿಡಿ. ಸೆಕೆಂಡಿಗೆ ಒಂದರಂತೆ ಎಣಿಸಿದರೆ ನಿಮಿಷಕ್ಕೆ 6 ಉಸಿರು ಆಗುತ್ತವೆ. ನಡುವೆ ಉಸಿರು ಹಿಡಿಯಬೇಡಿ. ಕಷ್ಟ ಅನ್ನಿಸಿದರೆ 3 ತಗೊಂಡು 4 ಬಿಡಿ, ತಪ್ಪೇನಿಲ್ಲ. ಸಾಮಾನ್ಯವಾಗಿ ಎಲ್ಲರೂ ಎಳೆಯುವುದಕ್ಕೇ ಬಲ ಹಾಕುತ್ತಾರೆ. ಎಳೆಯುವುದು ತಾನಾಗಿ ಆಗಲಿ. ಬಿಡುವಾಗ ಭುಜ ಕಿವಿಯಿಂದ ಕೆಳಗೆ ಇಳಿಯಲಿ, ಹಲ್ಲು ಕಚ್ಚಿದ್ದರೆ ಸಡಿಲ ಮಾಡಿ. ದಿನವಿಡೀ ಬಗ್ಗಿ ಹೊಲಿಯುವ ನನಗೆ ನನ್ನ ಭುಜ ಎಷ್ಟು ಮೇಲಿತ್ತು ಅಂತ ಗೊತ್ತಾಗಿದ್ದು ಹೀಗೆ ಕೂತಾಗಲೇ.

ಆಮೇಲೆ ಮಾರ್ಜಾಲಾಸನ. ಕೌದಿ ಮೇಲೆ ಮಂಡಿ, ಅಂಗೈ ಊರಿ ಬೆಕ್ಕಿನ ಹಾಗೆ ನಿಲ್ಲಿ. ಉಸಿರು ತಗೊಳ್ಳುತ್ತ ಬೆನ್ನು ಕೆಳಗೆ, ತಲೆ ಮೇಲೆ. ಬಿಡುತ್ತ ಬೆನ್ನು ಗೂನು ಮಾಡಿ ಮೇಲೆ, ತಲೆ ಕೆಳಗೆ. ಹೀಗೆ 6 ಸಲ ಸಾಕು. ಅಲ್ಲಿಂದಲೇ ಹಿಂದೆ ಸರಿದು ಹಿಮ್ಮಡಿ ಮೇಲೆ ಕೂತು, ಹಣೆ ನೆಲಕ್ಕೆ ತಾಗಿಸಿದರೆ ಶಶಾಂಕಾಸನ. ಹಣೆ ನೆಲ ಮುಟ್ಟದಿದ್ದರೆ ಮಡಿಚಿದ ಸೀರೆ ಇಟ್ಟುಕೊಳ್ಳಿ. 1 ನಿಮಿಷ. ನಮ್ಮ ಜೊತೆ ಬರುವ ಆಪಾ ಒಬ್ಬರು ಮೊದಲ ದಿನ ಹಿಂಜರಿಯುತ್ತಿದ್ದರು, ಇದು ನಮ್ಮವರಿಗೆ ಆಗುತ್ತೋ ಇಲ್ಲವೋ ಅಂತ. ಈ ಆಸನಕ್ಕೆ ಬಂದಾಗ, "ಇದು ನಮ್ಮ ಸಜ್ದಾ ಇದ್ದಂಗ ಅದಲ್ಲ, ದಿನಾ ಮಾಡ್ತೀನಿ" ಅಂದರು. ನಮಾಜಿನಲ್ಲಿ ಹಣೆ ನೆಲಕ್ಕೆ ಊರುವುದೇ ಸಜ್ದಾ, ಅವರಿಗೆ ಈ ಆಸನ ಯಾರೂ ಕಲಿಸುವುದು ಬೇಕಿರಲಿಲ್ಲ. ಹಣೆ ಊರಿದಾಗ ಸಿಗುವ ನೆಮ್ಮದಿ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು.

ಎದ್ದು ನಿಂತು ತಾಡಾಸನ 4 ಸಲ, ಕೈ ಮೇಲೆತ್ತುತ್ತ ಉಸಿರು ತಗೊಂಡು, ಇಳಿಸುತ್ತ ಬಿಡಿ. ಅಂಗಾಲಿನ ಕೆಳಗೆ ಫರ್ಸಿ ತಣ್ಣಗಿದೆಯೋ ಬೆಚ್ಚಗಿದೆಯೋ ನೋಡಿ, ಮನಸ್ಸು ಅಲ್ಲಿಗೆ ಬರುತ್ತದೆ. ಆಮೇಲೆ ಗೋಡೆ ಪಕ್ಕ ಮಲಗಿ ಎರಡೂ ಕಾಲು ಗೋಡೆಗೆ ಒರಗಿಸಿ 4 ನಿಮಿಷ. ದಿನವಿಡೀ ನಿಲ್ಲುವವರಿಗೆ, ಪೆಡಲ್ ತುಳಿಯುವವರಿಗೆ ಕಾಲಿನ ಊತವೂ ಇಳಿಯುತ್ತದೆ. ಕಣ್ಣಿನ ಗ್ಲಾಕೋಮಾ ಇದ್ದರೆ ಅಥವಾ ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ ಇದನ್ನು ಬಿಡಿ, ಶಶಾಂಕಾಸನಕ್ಕೂ ಡಾಕ್ಟರನ್ನು ಕೇಳಿ.

ಭ್ರಾಮರಿ ನನಗೆ ಎಲ್ಲಕ್ಕಿಂತ ಇಷ್ಟ. ಬಾಯಿ ಮುಚ್ಚಿ, ಹಲ್ಲು ಬಿಡಿಸಿಟ್ಟು, ಉಸಿರು ಬಿಡುವಾಗ ದುಂಬಿಯ ಹಾಗೆ ಮ್‌ಮ್ ಅಂತ ಗುಂಯ್‌ಗುಡಿಸಿ. ದನಿ ದೊಡ್ಡದು ಬೇಡ, ಕೆಳಗಿನ ಸ್ವರ ಇರಲಿ. ತುಟಿ, ಮೂಗಿನ ಮೂಳೆ, ಕೆನ್ನೆ ಎಲ್ಲ ಕಡೆ ಸಣ್ಣಗೆ ಕಂಪನ ಆಗುತ್ತದೆ. ಬಾಬಿನ್ ತುಂಬುವಾಗ ಮಷೀನಿನ ಮೇಲೆ ಕೈ ಇಟ್ಟರೆ ಆಗುವ ಅನುಭವ. ಗುಂಯ್‌ಗುಡುತ್ತ ಇದ್ದರೆ ಉಸಿರು ತಾನಾಗಿ ಉದ್ದ ಆಗುತ್ತದೆ, ಎಣಿಸುವ ಕೆಲಸವೇ ಇಲ್ಲ. ಅದಕ್ಕೇ ಎಣಿಕೆ ತಪ್ಪಿ ಗಾಬರಿಯಾಗುವವರಿಗೆ ಇದನ್ನೇ ಹೇಳುತ್ತೇನೆ. 5 ಸಲ ಮಾಡಿ. ಓಂ ಅನ್ನಬೇಕು ಅಂತ ಕಡ್ಡಾಯ ಏನಿಲ್ಲ. ಅನ್ನುವವರು ಅನ್ನಲಿ, ಬೇಡ ಅನ್ನಿಸಿದವರು ಬರೀ ಗುಂಯ್‌ಗುಡಿಸಲಿ.

ಕೊನೆಗೆ ಶವಾಸನ 5 ನಿಮಿಷ. ಇಲ್ಲಿ ಒಂದು ಎಚ್ಚರ. ಕಣ್ಣು ಮುಚ್ಚಿ ಅಂಗಾತ ಮಲಗಿದರೆ ಕೆಲವರಿಗೆ ನೆಮ್ಮದಿ ಸಿಗುವುದಿಲ್ಲ, ಹೆದರಿಕೆಯಾಗುತ್ತದೆ. ಹಿಂದೆ ಏನಾದರೂ ಕೆಟ್ಟದ್ದನ್ನು ಅನುಭವಿಸಿದವರಿಗೆ ಇದು ಜಾಸ್ತಿ. ಅವರು ಕಣ್ಣು ತೆರೆದೇ ಇರಲಿ. ಬಾಗಿಲು ಕಾಣುವ ಹಾಗೆ ಒಂದು ಮಗ್ಗುಲಾಗಿ ಮಲಗಲಿ, ಮೇಲೆ ಕೌದಿ ಹೊದೆಯಲಿ. ಯೋಗ ಕಲಿಸುವವರು ಯಾರಾದರೂ ಕಣ್ಣು ಮುಚ್ಚಲೇಬೇಕು ಅಂತ ಒತ್ತಾಯ ಮಾಡಿದರೆ ಒಪ್ಪಬೇಡಿ.

ರಾತ್ರಿ 3 ಗಂಟೆಗೆ ಎಚ್ಚರ ಆದಾಗ

ಯೋಗನಿದ್ರೆಯಲ್ಲಿ ಮೈಯ ಒಂದೊಂದು ಭಾಗಕ್ಕೆ ಮನಸ್ಸನ್ನು ಒಯ್ಯಲು ಹೇಳುತ್ತಾರೆ. ಬಲಗೈ ಹೆಬ್ಬೆರಳು, ತೋರುಬೆರಳು ಅಂತ ಶುರು. ನನಗೆ ಆ ಸಾಲು ನೆನಪೇ ಉಳಿಯುತ್ತಿರಲಿಲ್ಲ. ಮುಂದೇನು ಅಂತ ಯೋಚಿಸುತ್ತ ಪೂರ್ತಿ ಎಚ್ಚರ ಆಗುತ್ತಿತ್ತು. ಒಂದು ರಾತ್ರಿ ತಾನಾಗಿ ಬೇರೆ ದಾರಿ ಹೊಳೆಯಿತು. ನನಗೆ ನಿದ್ದೆಗಣ್ಣಲ್ಲೂ ಬರುವ ಸಾಲು ಒಂದಿದೆ, ಬ್ಲೌಸಿನ ಅಳತೆ. ಉದ್ದ, ಭುಜ, ತೋಳಿನ ಉದ್ದ, ತೋಳಿನ ಸುತ್ತು, ಎದೆ ಸುತ್ತು, ಸೊಂಟ, ಮುಂದಿನ ಕೊರಳು, ಹಿಂದಿನ ಕೊರಳು. 22 ವರ್ಷದಿಂದ ಅದೇ ಕ್ರಮ.

ಅವತ್ತು ಮಲಗಿದಲ್ಲೇ ನನ್ನದೇ ಅಳತೆ ತೆಗೆದುಕೊಂಡೆ. ಕೈ ಅಲ್ಲಾಡಿಸಲಿಲ್ಲ. ಮನಸ್ಸಿನಲ್ಲೇ ಟೇಪನ್ನು ಕುತ್ತಿಗೆ ಬುಡದಿಂದ ಭುಜದ ತುದಿಗೆ ಹಿಡಿದೆ. ಅಲ್ಲಿ ಒಂದು ಉಸಿರು ಬಿಟ್ಟೆ. ಭುಜದಿಂದ ಮೊಣಕೈ, ಅಲ್ಲೊಂದು ಉಸಿರು. ಎದೆ ಸುತ್ತ ಟೇಪು ಬಂದಾಗ ಬಿಗಿಯಾಗಿತ್ತು. ಗಿರಾಕಿಗೆ "ಉಸಿರು ಬಿಟ್ಟು ಸಡಿಲ ನಿಲ್ರಿ ಅಕ್ಕಾ" ಅಂತೀನಲ್ಲ, ಅದನ್ನೇ ನನಗೂ ಹೇಳಿಕೊಂಡೆ. ಸೊಂಟಕ್ಕೆ ಬರುವಷ್ಟರಲ್ಲಿ ಹೊಟ್ಟೆಯ ಗಂಟು ಸಡಿಲಾಗಿತ್ತು. ಹಿಂದಿನ ಕೊರಳಿನ ತನಕ ಬಂದೆನೋ ಇಲ್ಲವೋ ನೆನಪಿಲ್ಲ.

ನಿಮಗೆ ಬಾಯಿಪಾಠ ಇರುವ ಸಾಲು ಬೇರೆ ಇರಬಹುದು. ನಮ್ಮ ಜೊತೆ ಬರುವ ಒಬ್ಬರು ಸಣ್ಣ ಮಗುವಿಗೆ ಎಣ್ಣೆ ಹಚ್ಚುವ ಕ್ರಮದಲ್ಲಿ ಹೋಗುತ್ತಾರೆ, ನೆತ್ತಿಯಿಂದ ಶುರುವಾಗಿ ಅಂಗಾಲಿನ ತನಕ. ಕೈಗೆ ರೂಢಿ ಇರುವ ಸಾಲನ್ನೇ ಹಿಡಿಯಿರಿ. ಒಂದೇ ಕಟ್ಟುನಿಟ್ಟು: ಎಚ್ಚರ ಆದಾಗ ಮೊಬೈಲ್ ನೋಡಬಾರದು, ಗಂಟೆ ಎಷ್ಟಾಯ್ತು ಅಂತಲೂ ನೋಡಬಾರದು. ಅರ್ಧ ಗಂಟೆ ಆದರೂ ನಿದ್ದೆ ಬರಲಿಲ್ಲ ಅನ್ನಿಸಿದರೆ ಎದ್ದು ಮಂದ ಬೆಳಕಲ್ಲಿ ಕೂತು ಭ್ರಾಮರಿ ಮಾಡಿ, ತೂಕಡಿಕೆ ಬಂದ ಮೇಲೆ ಮಲಗಿ.

ಬೇಸರದ ಮನಸ್ಸಿಗೆ ಬೇರೆ ದಾರಿ

ಗಾಬರಿ ಬೇರೆ, ಕುಗ್ಗುವುದು ಬೇರೆ. ನಮ್ಮ ಓಣಿಯಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದ ಹುಡುಗಿ ಒಬ್ಬಳು ಇದ್ದಾಳೆ. ಎರಡು ಸಲ ಕೈತಪ್ಪಿದ ಮೇಲೆ ಹಾಸಿಗೆ ಬಿಟ್ಟು ಏಳುವುದನ್ನೇ ನಿಲ್ಲಿಸಿದ್ದಳು. ಅವಳಿಗೂ ಮೊದಲು ನಾನು ಉದ್ದ ಉಸಿರು, ಶವಾಸನವನ್ನೇ ಹೇಳಿಕೊಟ್ಟೆ. ತಪ್ಪಾಯ್ತು. ಮೊದಲೇ ಮಲಗಿದವಳು ಇನ್ನಷ್ಟು ಮಂಕಾದಳು, ಮಲಗಿದಲ್ಲೇ ಅದೇ ಯೋಚನೆ ಸುತ್ತಿತು. ಹಾಗೆ ಕುಗ್ಗಿದವರಿಗೆ ಮೈ ಅಲ್ಲಾಡಬೇಕು, ಬೆಳಕು ಬೇಕು. ಅವಳನ್ನು ಬೆಳಗಿನ ಎಳೆ ಬಿಸಿಲಿಗೆ ಮಾಳಿಗೆ ಹತ್ತಿಸಿದೆವು. ಸೂರ್ಯ ನಮಸ್ಕಾರ, ಮೊದಲ ವಾರ ದಿನಕ್ಕೆ ಒಂದೇ ಸುತ್ತು, 12 ಹಂತ. ಆಮೇಲೆ 3, ಆಮೇಲೆ 6. ಕಣ್ಣು ತೆರೆದೇ ಮಾಡುವುದು, ಎದೆ ತೆರೆಯುವ ಭುಜಂಗಾಸನದಲ್ಲಿ ಎರಡು ಉಸಿರು ಜಾಸ್ತಿ ನಿಲ್ಲುವುದು. ಶವಾಸನ 1 ನಿಮಿಷ ಅಷ್ಟೇ.

ಅವಳಿಗೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಮನಸ್ಸು ಬರಲಿ ಅಂತ ಕಾಯಲಿಲ್ಲ ನಾವು. ಅವಳವ್ವ ಕದ ಬಡಿಯುತ್ತಿದ್ದರು, ನಾನು ಮೆಟ್ಟಿಲ ಹತ್ತಿರ ನಿಲ್ಲುತ್ತಿದ್ದೆ, "ಬಾರವ್ವಾ, ಸುಮ್ನ ನಿಂತು ಹೋಗು" ಅಂತಿದ್ದೆ. ಎಷ್ಟೋ ದಿನ ಅವಳು ಬರೀ ನಿಂತು ಹೋಗಿದ್ದಾಳೆ. ಅದೂ ಲೆಕ್ಕಕ್ಕೆ ಬಂತು. ಅವಳು ಡಾಕ್ಟರ ಹತ್ತಿರವೂ ಹೋಗುತ್ತಿದ್ದಳು, ಈಗ ಮತ್ತೆ ಓದುತ್ತಿದ್ದಾಳೆ.

ಎಷ್ಟು ದಿನ ಬೇಕು

ನಾನು ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಗುರುತು ಹಾಕುತ್ತಿದ್ದೆ. ಎಷ್ಟು ತಾಸು ನಿದ್ದೆ, ಎದೆ ಬಡಿತ ಬಂತೋ ಇಲ್ಲವೋ, ಯೋಗ ಆಯ್ತೋ ಇಲ್ಲವೋ. ಮೊದಲ ಎರಡು ವಾರ ಏನೂ ಬದಲಾಗಲಿಲ್ಲ. ಮೂರನೇ ವಾರ ಒಂದು ರಾತ್ರಿ 5 ತಾಸು ನಿದ್ದೆ ಬಂತು, ಆಮೇಲೆ ಮತ್ತೆ ನಾಲ್ಕು ದಿನ ಇಲ್ಲ. ಗುರುತು ಇಲ್ಲದಿದ್ದರೆ ಆ ಒಂದು ರಾತ್ರಿ ಮರೆತೇಹೋಗುತ್ತಿತ್ತು, ಇದರಿಂದ ಏನೂ ಆಗಲ್ಲ ಅಂತ ಬಿಟ್ಟುಬಿಡುತ್ತಿದ್ದೆ. ಎರಡು ತಿಂಗಳ ಹಾಳೆ ಒಟ್ಟಿಗೆ ನೋಡಿದಾಗ ಸುಧಾರಣೆ ಕಣ್ಣಿಗೆ ಕಂಡಿತು. ಡಾಕ್ಟರಿಗೂ ಅದೇ ಹಾಳೆ ತೋರಿಸುತ್ತಿದ್ದೆ, ಅವರಿಗೂ ಅನುಕೂಲ ಆಯ್ತು.

ಮನೆಯಲ್ಲಿ ನೆಂಟರು, ಹಬ್ಬ, ಜಾತ್ರೆ ಅಂತ ತಪ್ಪಿದ ದಿನ 3 ನಿಮಿಷ ಉಸಿರು ಬಿಡುವುದೊಂದು ಮಾಡಿ. ಮರುದಿನ ಎರಡು ಪಟ್ಟು ಮಾಡಿ ಸರಿದೂಗಿಸಲು ಹೋಗಬೇಡಿ.

ಡಾಕ್ಟರು, ಮಾತ್ರೆ, ಫೋನು

ಈ ಮಾತು ನನಗೆ ಬಹಳ ಮುಖ್ಯ. ಯೋಗ ಶುರು ಮಾಡಿದೆ ಅಂತ ಮಾತ್ರೆ ಬಿಡಬೇಡಿ. ಮನಸ್ಸಿನ ಮಾತ್ರೆಗಳು ಹಿಡಿಯಲು ಕೆಲವು ವಾರ ಬೇಕು, ಒಮ್ಮೆಲೇ ಬಿಟ್ಟರೆ ತಲೆ ತಿರುಗುವುದು, ಚಡಪಡಿಕೆ ಆಗಬಹುದು. ನಾನು 14 ತಿಂಗಳು ತಗೊಂಡೆ. ಆಮೇಲೆ ಡಾಕ್ಟರೇ ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸಿದರು. ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಬೀಳುವ ಕಾಯಿಲೆ ಇರುವವರು, ಇಲ್ಲದ ದನಿ ಕೇಳಿಸುವವರು ಜೋರು ಪ್ರಾಣಾಯಾಮ, ತಾಸುಗಟ್ಟಲೆ ಧ್ಯಾನ ಮಾಡಬಾರದು. ಅಂಥವರು ಡಾಕ್ಟರನ್ನು ಕೇಳಿಯೇ ಏನು ಮಾಡಬೇಕೋ ಅಷ್ಟು ಮಾಡಲಿ.

ಸಾಯಬೇಕು ಅನ್ನುವ ಯೋಚನೆ ಬಂದರೆ ಅದು ಆಸನ ಮಾಡುವ ಹೊತ್ತಲ್ಲ. ಪಕ್ಕದವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್. 2022ರ ಅಕ್ಟೋಬರ್ 10ರಿಂದ ಇದೆ. ದುಡ್ಡು ಕೊಡಬೇಕಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನೆಟೆ ರೋಗಕ್ಕೆ ತೊಗರಿ ಬೆಳೆ ಒಣಗಿ ಹೋಗಿ ಕುಗ್ಗಿದ ನನ್ನ ಚಿಕ್ಕಪ್ಪನಿಗೆ ನಾನೇ ಈ ನಂಬರ್ ಹಚ್ಚಿಕೊಟ್ಟಿದ್ದೆ. ಹೊಲದ ಬದುವಿನ ಮೇಲೆ ಕೂತು ಬಹಳ ಹೊತ್ತು ಮಾತಾಡಿದರು. ಊರ ಕಡೆ ಇರುವವರು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ.

ಗಾಬರಿ ಬಂದ ಗಳಿಗೆಯಲ್ಲಿ, ಮತ್ತು ಮನೆಯವರಿಗೆ

ಹೊರಗಡೆ ಇರುವಾಗ ಬಂದರೆ ಓಡಬೇಡಿ. ಅಂಗಡಿಯ ಕಟ್ಟೆ, ಮೆಟ್ಟಿಲು ಏನಾದರೂ ಸಿಕ್ಕರೆ ಕೂಡಿ. ಚಪ್ಪಲಿ ಕಳಚಿ ಅಂಗಾಲು ನೆಲಕ್ಕೆ ಒತ್ತಿ. ಸುತ್ತಲಿನವರು "ಉಸಿರು ಜೋರಾಗಿ ಎಳಕೋ" ಅನ್ನುತ್ತಾರೆ, ಅದನ್ನು ಮಾಡಬೇಡಿ. ಮೇಲೆ ಹೇಳಿದ್ದೆನಲ್ಲ, ಎಳೆದಷ್ಟೂ ಬೆರಳು ಜುಂ ಅನ್ನುತ್ತವೆ. ಬಿಸಿ ಚಹಾ ಆರಿಸುವ ಹಾಗೆ ತುಟಿ ಸಣ್ಣ ಮಾಡಿ ಉದ್ದಕ್ಕೆ ಬಿಡಿ. ಹತ್ತು ಸಲ. ಅದು ಹೋಗಲಿ ಅಂತ ಹೊಡೆದಾಡಬೇಡಿ, ಬಂದದ್ದು ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಮತ್ತೆ ಮಾರ್ಕೆಟ್‌ಗೆ ಹೋಗಲು ಶುರು ಮಾಡಿದ ಮೇಲೆ ನನಗೆ ಎರಡು ಸಲ ಬಂತು. ಎರಡೂ ಸಲ ಕೂತು, ಇಳಿದ ಮೇಲೆ ದಾರ ತಗೊಂಡೇ ಬಂದೆ.

ಮನೆಯವರು "ಟೆನ್ಶನ್ ತಗೋಬ್ಯಾಡ" ಅನ್ನುವುದನ್ನು ಬಿಡಬೇಕು. ಅದರಿಂದ ತಪ್ಪು ನಮ್ಮದೇ ಅನ್ನಿಸುತ್ತದೆ. ಪಕ್ಕದಲ್ಲಿ ಕೂತು ಎಣಿಸಿದರೆ ಸಾಕು. ನಮ್ಮ ಮನೆಯವರು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಮಾತು ಕಮ್ಮಿ. ನನಗೆ ಹಾಗೆ ಆದಾಗ ಮೊದಮೊದಲು ಅವರೂ ಗಾಬರಿಯಾಗಿ ನೀರು ತರಲು ಓಡುತ್ತಿದ್ದರು. ಡಾಕ್ಟರು ಹೇಳಿಕೊಟ್ಟ ಮೇಲೆ ಓಡುವುದನ್ನು ಬಿಟ್ಟರು. ಬಂದು ಹತ್ತಿರ ಕೂಡುತ್ತಾರೆ. ಬೆನ್ನಿನ ಮೇಲೆ ಅಂಗೈ ಇಟ್ಟು, ನಾನು ಉಸಿರು ಬಿಡುವಾಗ ಎಣಿಸುತ್ತಾರೆ. ರಾಶಿ ಅಳೆಯುವಾಗ ಒಂದು ಅನ್ನುವ ಬದಲು ಲಾಭ ಅನ್ನುತ್ತಾರಲ್ಲ, ಅವರ ಬಾಯಿಗೆ ಅದೇ ಬರುತ್ತದೆ. ಲಾಭ, ಎರಡು, ಮೂರು, ನಾಲ್ಕು, ಐದು, ಆರು. ಆರು ಆದ ಮೇಲೆ ಸ್ವಲ್ಪ ತಡೆದು ಮತ್ತೆ ಲಾಭ ಅನ್ನುತ್ತಾರೆ.